ಎಲೆಯಲ್ಲಿ ಸುಟ್ಟ ಮೀನು: ಬಯಲ್ನಾಡಿನ ಒಂದು ಅಲಿಖಿತ ಚರಿತ್ರೆ

ನಾಡಿನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅರಸುವುದು ಕಲ್ಲನ್ನು, ತರುವಾಯ ತಾಮ್ರಪಟವನ್ನು, ಆಮೇಲೆ ಓಲೆಗರಿಯನ್ನು. ನಮ್ಮ ಕಲ್ಲೂರಿನ ಸುತ್ತುಮುತ್ತಲಿನ ಸೀಮೆಯಲ್ಲಿ ಇಂತಹ ಸಾಧನಗಳಿಗೆ ಕೊರತೆಯಿಲ್ಲ. ಎಡಕಲ್ಲಿನ ಗುಹೆಯ ಗೋಡೆಗಳ ಮೇಲೆ ಬಹು ಪ್ರಾಚೀನರು ಕೊರೆದ ರೇಖಾಚಿತ್ರಗಳಿವೆ. ಸುಲ್ತಾನ್ ಬತ್ತೇರಿಯಲ್ಲಿ ಹದಿಮೂರನೆಯ ಶತಮಾನದ ಜೈನ ಬಸದಿಯಿದೆ. ಆ ಪೇಟೆಗೆ ಒಂದು ಕಾಲಕ್ಕೆ ‘ಹನ್ನೆರಡು ಬೀದಿ’ ಎಂಬ ಅಚ್ಚಗನ್ನಡದ ಹೆಸರೇ ಇದ್ದಿತೆಂಬುದನ್ನು ನಮ್ಮ ಮಕ್ಕಳು ಅರಿತಿರಬೇಕು. ಕನ್ನಡ ಶಾಸನಗಳು ಈ ನಾಡನ್ನು ‘ಬಯಲ್ನಾಡು’ ಎಂದು ಕರೆದಿವೆ. ಕಪಿಲೆಯ ದಡದ ಕೀರ್ತಿಪುರದಿಂದ ಆಳಿದ ಕದಂಬರ ಶಾಖೆಯೊಂದು ಬಯಲ್ನಾಡಿನ ಒಡೆತನವನ್ನು ಹೇಳಿಕೊಂಡಿತ್ತು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನು ಗೆದ್ದ ನಾಡುಗಳ ಪಟ್ಟಿಯಲ್ಲಿ ಬಯಲ್ನಾಡನ್ನೂ ಸೇರಿಸಿವೆ.

ಇಷ್ಟನ್ನು ಹೇಳಿ ನಮ್ಮ ಸಂಘಗಳ ಸಂಚಿಕೆಗಳು ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತವೆ. ಆದರೆ ಅರಸನು ನಾಡನ್ನು ಗೆದ್ದ ದಿನ ಆ ನಾಡಿನ ಒಕ್ಕಲು ಏನನ್ನು ಉಂಡನು? ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸು ಸಂಜೆ ತನ್ನ ಮಕ್ಕಳಿಗೆ ಏನನ್ನು ಬಡಿಸಿದಳು? ಶಾಸನವು ದಾನ ಕೊಟ್ಟವನ ಹೆಸರನ್ನು ಹೇಳುತ್ತದೆ, ದಾನ ಪಡೆದವನ ಗೋತ್ರವನ್ನು ಹೇಳುತ್ತದೆ. ಒಲೆಯ ಬಳಿ ಕುಳಿತವರ ಸುದ್ದಿಯನ್ನು ಅದು ಎತ್ತುವುದಿಲ್ಲ. ಕಲ್ಲು ಉಳಿಯಿತು, ಎಲೆ ಉಳಿಯಲಿಲ್ಲ. ಎಲೆಯ ಮೇಲೆ ಉಂಡು, ಎಲೆಯೊಳಗೆ ಬೇಯಿಸಿ, ಉಂಡ ಎಲೆಯನ್ನು ಮಣ್ಣಿಗೆ ಹಾಕಿದವರ ಚರಿತ್ರೆಯನ್ನು ಬೇರೆ ದಾರಿಯಿಂದಲೇ ಹುಡುಕಬೇಕು. ಮೀನನ್ನು ಎಲೆಯಲ್ಲಿ ಸುತ್ತಿ ಕೆಂಡದಲ್ಲಿ ಸುಡುವ ಒಂದು ಸಾಮಾನ್ಯ ಅಡುಗೆಯನ್ನು ಹಿಡಿದು ಆ ದಾರಿಯಲ್ಲಿ ನಾಲ್ಕು ಹೆಜ್ಜೆ ಇಡುವುದು ಈ ಲೇಖನದ ಉದ್ದೇಶ. ಮೀನನ್ನು ಮುಟ್ಟದ ಮನೆಯವರೂ ನಮ್ಮಲ್ಲಿ ಅನೇಕರುಂಟು. ಮುಂದೆ ಕಾಣುವಂತೆ, ಈ ಎಲೆಯ ಕಥೆಯಲ್ಲಿ ಅವರಿಗೂ ಪಾಲಿದೆ.

ಮೊದಲು ನೀರಿನ ಮಾತು. ಕೇರಳದ ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ: ಕಬಿನಿ, ಭವಾನಿ, ಪಾಂಬಾರ್. ಕಲ್ಲೂರಿನ ಸೀಮೆಯ ತೊರೆಗಳು ನೂಲ್ಪುಳವನ್ನು ಸೇರುತ್ತವೆ. ನೂಲ್ಪುಳವು ಕಾಡನ್ನು ದಾಟಿ ಕರ್ನಾಟಕವನ್ನು ಹೊಕ್ಕ ಮೇಲೆ ನುಗು ಹೊಳೆಯೆಂಬ ಹೆಸರನ್ನು ಪಡೆಯುತ್ತದೆ. ನುಗು ಕಬಿನಿಯನ್ನು ಕೂಡುತ್ತದೆ. ಕಬಿನಿಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಬೆರೆಯುತ್ತದೆ. ರಾಜ್ಯದ ಗಡಿಯನ್ನು 1956ರ ನವೆಂಬರ್ 1ರಂದು ಎಳೆದರು. ಅದಕ್ಕೆ ಮುಂಚೆ ವಯನಾಡು ಮದರಾಸು ಪ್ರಾಂತದ ಮಲಬಾರ್ ಜಿಲ್ಲೆಯ ಭಾಗವಾಗಿತ್ತು. ವಯನಾಡು ಪ್ರತ್ಯೇಕ ಜಿಲ್ಲೆಯಾದುದು 1980ರ ನವೆಂಬರ್ 1ರಂದು. ಹೊಳೆಯು ಮಾತ್ರ ಈ ತಾರೀಖುಗಳೊಂದನ್ನೂ ಅರಿಯದೆ, ನಮ್ಮ ಗದ್ದೆಯ ನೀರನ್ನು ಹೆಗ್ಗಡದೇವನಕೋಟೆಯ ಸೀಮೆಗೆ ಒಯ್ಯುತ್ತಲೇ ಬಂದಿದೆ.

ನೀರು ಇಳಿದ ದಾರಿಯಲ್ಲಿ ಮೀನು ಏರಿಬರುತ್ತದೆ. ಮುಂಗಾರಿನ ಮೊದಲ ಬಿರುಸು ಮಳೆಗೆ ಹೊಳೆ ಕೆಂಪಗೆ ತುಂಬಿ ಹರಿದಾಗ, ತತ್ತಿ ತುಂಬಿದ ಮೀನುಗಳು ಪ್ರವಾಹಕ್ಕೆ ಎದುರಾಗಿ ಈಜಿ, ಹಳ್ಳಗಳನ್ನು ಹಿಡಿದು, ತೂಬುಗಳನ್ನು ಹಾರಿ, ಗದ್ದೆಯ ಮೆಲುನೀರನ್ನು ಸೇರುತ್ತವೆ, ಅಲ್ಲಿ ಮೊಟ್ಟೆಯಿಡುತ್ತವೆ. ಮಲೆನಾಡಿನ ಕನ್ನಡಿಗರು ಇದನ್ನು ‘ಹತ್ತುಮೀನು’ ಎಂದರು. ಮಲೆಯಾಳಿಗಳು ‘ಊತ್ತ’ ಎಂದರು. ವಯನಾಡಿನ ಅಗಲವಾದ ಗದ್ದೆಬಯಲುಗಳು ಹೀಗೆ ಬತ್ತದ ಕಣಜವಾಗಿದ್ದಂತೆ ಮೀನಿನ ತೊಟ್ಟಿಲೂ ಆಗಿದ್ದವು. ‘ಬಯಲ್ನಾಡು’ ಎಂದು ಕನ್ನಡದ ಶಾಸನವು ಹೇಳಿದುದೂ ‘ವಯಲ್‌ನಾಡು’ ಎಂದು ಮಲೆಯಾಳಿಗಳು ಬಿಡಿಸಿ ಹೇಳುವುದೂ ಈ ಗದ್ದೆಯ ನಾಡನ್ನೇ. ಕೆಸರಿನಲ್ಲಿ ಹುದುಗಿ ಬೇಸಗೆಯನ್ನು ಕಳೆಯಬಲ್ಲ ಕೊರವ, ಮೀಸೆಯುಳ್ಳ ಮುಗುಡು, ಅಂಗೈಯುದ್ದದ ಗೆಂಡೆಗಳು, ಬದುವಿನ ಬಿಲಗಳಲ್ಲಿರುವ ಏಡಿ, ಇವು ಬಯಲಿನ ಬಡವರ ಸೊತ್ತಾಗಿದ್ದವು. ಬತ್ತಕ್ಕೆ ಒಡೆಯನಿದ್ದನು, ಮೀನಿಗೆ ಒಡೆಯನಿರಲಿಲ್ಲ.

ಈ ಮಾತಿನ ತೂಕವನ್ನು ತಿಳಿಯಬೇಕಾದರೆ ಗದ್ದೆಯಲ್ಲಿ ದುಡಿದವರಾರೆಂಬುದನ್ನು ನೆನೆಯಬೇಕು. ಪಣಿಯರು ತಲೆಮಾರುಗಳ ಕಾಲ ಜಮೀನುದಾರರ ಆಳುಗಳಾಗಿ ದುಡಿದವರು. ಮಾನಂದವಾಡಿಯ ಬಳಿಯ ವಳ್ಳಿಯೂರ್ಕಾವಿನ ಜಾತ್ರೆಯಲ್ಲಿ ಒಡೆಯನು ಅವರಿಗೆ ಮುಂಗಡ ಕೊಟ್ಟು ಒಂದು ವರ್ಷದ ದುಡಿಮೆಯನ್ನು ಕಟ್ಟಿಕೊಳ್ಳುತ್ತಿದ್ದನು. ಈ ಜೀತ ಪದ್ಧತಿಗೆ ಕಾನೂನಿನ ಅಂತ್ಯ ಬಂದುದು 1976ರ ಶಾಸನದಿಂದ. ದಿನದ ಕೂಲಿಯೆಂದು ಅವರಿಗೆ ಸಿಗುತ್ತಿದ್ದುದು ಅಳೆದುಕೊಟ್ಟ ಬತ್ತ, ಅವರ ಮಾತಿನಲ್ಲಿ ‘ವಲ್ಲಿ’. ಬತ್ತವನ್ನು ಕುಟ್ಟಿದರೆ ಗಂಜಿಯಾದೀತು; ಗಂಜಿಯೊಡನೆ ನಂಜಿಕೊಳ್ಳುವುದಕ್ಕೆ? ಕೆಲಸ ಮುಗಿದ ಮೇಲೆ ಅದೇ ಗದ್ದೆಯ ಕಾಲುವೆಯಲ್ಲಿ ಕೈಯಿಂದ ಹಿಡಿದ ಮೀನು, ಬದುವಿನಲ್ಲಿ ಕಿತ್ತ ಸೊಪ್ಪು, ಬಿಲದಿಂದ ಎಳೆದ ಏಡಿ, ಇವೇ ಅದಕ್ಕೆ ಉತ್ತರವಾಗಿದ್ದವು. ಪಾತ್ರೆ ಒಂದಿದ್ದರೆ ಅದು ಗಂಜಿಗೇ ಬೇಕು. ಎರಡನೆಯ ಪಾತ್ರೆಯ ಕೆಲಸವನ್ನು ಎಲೆಯು ಮಾಡಿತು. ಕಾಡಿನಲ್ಲಿ ಜೇನು, ಗೆಣಸುಗಳನ್ನು ಅರಸುತ್ತ ದಿನಗಟ್ಟಲೆ ತಿರುಗುತ್ತಿದ್ದ ಕಾಟುನಾಯಕರ ವಿಷಯದಲ್ಲಿಯೂ ಹೀಗೆಯೇ. ಹೆಗಲ ಹೊರೆಯಲ್ಲಿ ಮಡಕೆಗೆ ಎಡೆಯೆಲ್ಲಿ? ತೊರೆಯ ದಡದಲ್ಲಿ ಹಿಡಿದುದನ್ನು ದಡದ ಎಲೆಯಲ್ಲಿಯೇ ಸುತ್ತಿ ಸುಡುವುದು ಸುಲಭ, ಉಚಿತ.

ಇನ್ನು ಸುಡುವ ಕ್ರಮ. ಮುಗುಡಿನ ಮೈಯ ಲೋಳೆಯನ್ನು ಒಲೆಯ ಬೂದಿ ಹಚ್ಚಿ ಉಜ್ಜಿ ತೆಗೆಯುತ್ತಾರೆ. ಗೆಂಡೆಯ ಹುರುಪೆಯನ್ನು ಕೆರೆಯುತ್ತಾರೆ. ಹೊಟ್ಟೆಯನ್ನು ಸೀಳಿ ತೊಳೆದು, ಮೈಮೇಲೆ ಅಲ್ಲಲ್ಲಿ ಗೀರು ಹಾಕಿ, ಉಪ್ಪು, ಅರಿಶಿನ, ಅರೆದ ಖಾರ, ಒಂದಿಷ್ಟು ಹುಳಿ ಹಚ್ಚುತ್ತಾರೆ. ಇಂದು ಖಾರವೆಂದರೆ ಗಾಂಧಾರಿ ಮೆಣಸು. ಆದರೆ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗು 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದ ತರುವಾಯವೇ ಅದು ನಮ್ಮ ನೆಲವನ್ನು ಕಂಡಿತು. ಅದಕ್ಕೆ ಮುನ್ನ ಮೆಣಸು ಎಂದರೆ ನಮ್ಮ ಬೆಟ್ಟದ ಬಳ್ಳಿಯ ಕರಿಮೆಣಸೇ. ಹೊಸ ಕಾಯಿಗೆ ಹಳೆಯ ಹೆಸರನ್ನೇ ಅಂಟಿಸಿ ‘ಮೆಣಸಿನಕಾಯಿ’ ಎಂದೆವು. ಹುಳಿಗೆ ಹುಣಿಸೆಯಾಗಬಹುದು, ಉಪ್ಪಾಗೆಯ ಒಣಸಿಪ್ಪೆಯಾಗಬಹುದು. ಇದೇ ಉಪ್ಪಾಗೆಯ ಹಣ್ಣಿನ ರಸವನ್ನು ಕೊಡವರು ಕುದಿಸಿ ಗಟ್ಟಿ ಮಾಡಿ ಕಾಚಂಪುಳಿಯೆಂದು ಕೂಡಿಡುತ್ತಾರೆ; ಮಲೆಯಾಳಿಗಳು ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಕುಡಂಪುಳಿಯೆಂದು ಮೀನಿನ ಸಾರಿಗೆ ಹಾಕುತ್ತಾರೆ. ಮರ ಒಂದೇ, ಭಾಷೆ ಮೂರು.

ಬಾಳೆಯ ಎಲೆಯನ್ನು ಹಸಿಯಾಗಿಯೇ ಮಡಿಸಿದರೆ ನರದ ಗುಂಟ ಸೀಳುತ್ತದೆ. ಆದುದರಿಂದ ಅದನ್ನು ಮೊದಲು ಕೆಂಡದ ಮೇಲೆ ಹಿಡಿದು ಬಾಡಿಸುತ್ತಾರೆ. ಆಗ ಎಲೆಯ ಮೈಮೇಣ ಕರಗಿ ಹೊಳಪೇರುತ್ತದೆ, ಎಲೆಯು ಬಟ್ಟೆಯಂತೆ ಮೆದುವಾಗುತ್ತದೆ. ಮೀನನ್ನು ಅದರ ನಡುವೆ ಇಟ್ಟು, ನಾಲ್ಕು ಕಡೆಯಿಂದ ಮಡಿಸಿ, ಬಾಳೆಯ ನಾರಿನಿಂದ ಕಟ್ಟಿ, ಬೇಕಿದ್ದರೆ ಮೇಲೊಂದು ಎಲೆಯನ್ನು ಸುತ್ತಿ, ಉರಿಯಾರಿದ ಕೆಂಡದ ನಡುವೆ ಇಟ್ಟು ಬಿಸಿಬೂದಿಯನ್ನು ಮುಚ್ಚುತ್ತಾರೆ. ಹೊರಗಿನ ಎಲೆ ಕರಿದಾಗಿ ಒಳಗಿನ ಎಲೆ ಹಸಿರು ಕಳೆದು ಕಂದಾದಾಗ ಮೀನು ಬೆಂದಿತೆಂದು ಅರ್ಥ. ಗಡಿಯಾರವಿಲ್ಲದ ಅಡುಗೆಯಿದು, ಎಲೆಯ ಬಣ್ಣ ಮತ್ತು ಹೊಗೆಯ ಕಂಪುಗಳೇ ಹೊತ್ತನ್ನು ಹೇಳುತ್ತವೆ.

ಈ ಕ್ರಮದ ಹಿಂದೆ ಗಟ್ಟಿಯಾದ ಕಾರಣವಿದೆ. ಆಡು ಕುರಿಗಳ ಮಾಂಸದಂತೆ ಮೀನಿನ ಮಾಂಸದಲ್ಲಿ ಬಿಗಿಯಾದ ನಾರುಗಳು ಹೆಚ್ಚಿಲ್ಲ. ಅಲ್ಪ ಬಿಸಿಯಲ್ಲಿಯೇ ಅದು ಬೆಂದು ಪದರ ಪದರವಾಗಿ ಬಿಡುತ್ತದೆ. ಬರಿಯ ಕೆಂಡದ ಮೇಲೆ ಇಟ್ಟರೆ ಹೊರಮೈ ಸುಟ್ಟು ಒಳಗು ಹಸಿಯಾಗಿ ಉಳಿಯುವುದು, ತಿರುವಿದರೆ ಮುರಿಯುವುದು. ಎಲೆಯ ಪೊಟ್ಟಣದೊಳಗಾದರೋ ಮೀನಿನ ನೀರೂ ಎಲೆಯ ನೀರೂ ಹಬೆಯಾಗಿ ಸುತ್ತುತ್ತವೆ. ಆ ತೇವವಿರುವವರೆಗೆ ಒಳಗಿನ ಕಾವು ನೀರು ಕುದಿಯುವ ಮಟ್ಟವನ್ನು ಮೀರುವುದಿಲ್ಲ. ಸಮುದ್ರದ ತೀರದಲ್ಲಿ ಆ ಮಟ್ಟ 100 ಡಿಗ್ರಿ. ನಮ್ಮ ಬೆಟ್ಟದ ನಾಡಿನಲ್ಲಿ ಸುಮಾರು 97 ಡಿಗ್ರಿ. ಹೊರಗೆ ಕೆಂಡ, ಒಳಗೆ ಹಬೆ. ನಡುವೆ ಕಾಪಾಗಿ ನಿಂತ ಎಲೆ. ಮೀನಿನ ಎಣ್ಣೆಯೂ ಉಪ್ಪುಹುಳಿಗಳೂ ಬೂದಿಗೆ ಸೋರದೆ ಮೀನಿಗೇ ಮರಳುತ್ತವೆ. ಎಣ್ಣೆ ಕೊಳ್ಳಲು ಕಾಸಿಲ್ಲದ ಮನೆಯಲ್ಲಿ ಇದಕ್ಕಿಂತ ಜಾಣ್ಮೆಯ ಅಡುಗೆ ಯಾವುದುಂಟು?

ಸುತ್ತುವ ಎಲೆಗಳನ್ನು ಮೂರು ವರ್ಗ ಮಾಡಬಹುದು. ಬರಿಯ ಹೊದಿಕೆಯಾಗಿ ಕಾಪಾಡುವ ಎಲೆಗಳು ಮೊದಲನೆಯವು. ಬಾಳೆ, ತೇಗ, ಕೂವೆ ಇವು ಆ ಸಾಲಿನವು. ಎರಡನೆಯವು ಕಂಪನ್ನು ಕೊಡುವ ಎಲೆಗಳು. ಇವುಗಳಲ್ಲಿ ಅರಿಶಿನದ ಎಲೆಯೇ ಅಗ್ರಗಣ್ಯ. ಅದರಲ್ಲಿರುವ ತೆಳುವಾದ ಸುಗಂಧ ತೈಲವು ಹಬೆಯೊಡನೆ ಏರಿ ಒಳಗಿನ ಪದಾರ್ಥವನ್ನು ಹೊಕ್ಕು, ಮೀನಿನ ಹಸಿವಾಸನೆಯನ್ನು ತಗ್ಗಿಸುತ್ತದೆ. ಪಶ್ಚಿಮ ಘಟ್ಟದ ಕಾಡುದಾಲ್ಚಿನ್ನಿಯ ಎಲೆಯೂ ಈ ಜಾತಿಯದೇ. ಮಲೆಯಾಳಿಗಳು ಅದನ್ನು ‘ವಯಣ’ ಎಂದು ಕರೆದು, ಕುಂಬಿಳಿನಂತೆ ಸುರುಳಿ ಸುತ್ತಿ ಸಿಹಿ ಹಿಟ್ಟನ್ನು ಅದರಲ್ಲಿ ಬೇಯಿಸುತ್ತಾರೆ. ಮೂರನೆಯವು ಒಳಗಿನ ಪದಾರ್ಥದೊಡನೆ ತಾವೂ ಆಹಾರವಾಗುವ ಎಲೆಗಳು. ನಮ್ಮ ಕೆಸುವಿನ ಎಲೆ ಇದಕ್ಕೆ ಉದಾಹರಣೆ. ಕೆಸುವಿನಲ್ಲಿ ಸೂಜಿಯಂತಹ ಸೂಕ್ಷ್ಮ ಹರಳುಗಳಿವೆ. ಗಂಟಲು ತುರಿಸುವುದು ಅವುಗಳಿಂದಲೇ. ಚೆನ್ನಾಗಿ ಹುಳಿ ಹಾಕಿ, ಬಹಳ ಹೊತ್ತು ಬೇಯಿಸಬೇಕೆಂದು ಅಜ್ಜಿಯಂದಿರು ಹೇಳಿಕೊಟ್ಟುದು ಈ ತುರಿಕೆಯನ್ನು ಗೆಲ್ಲುವುದಕ್ಕಾಗಿ.

ಇಲ್ಲಿಯೇ ಮೀನು ತಿನ್ನದವರ ಪಾಲು ಬರುತ್ತದೆ. ಕಾಸರಗೋಡು, ದಕ್ಷಿಣ ಕನ್ನಡಗಳ ಮನೆಗಳಲ್ಲಿ ಮಳೆಗಾಲಕ್ಕೆ ಕೆಸುವಿನ ಎಲೆಯ ಪತ್ರೊಡೆ, ನಾಗರಪಂಚಮಿಗೆ ಅರಿಶಿನದ ಎಲೆಯ ಕಡುಬು, ಹಲಸಿನ ಎಲೆಯ ದೊನ್ನೆಯ ಕೊಟ್ಟಿಗೆ, ಮುಂಡುಗದ ಎಲೆಯ ಮೂಡೆ ಇವೆಲ್ಲ ಇವೆ. ಯಾವ ಅರಿಶಿನದ ಎಲೆಯಲ್ಲಿ ಒಂದು ಮನೆಯವರು ಅಕ್ಕಿ, ಬೆಲ್ಲ, ತೆಂಗಿನತುರಿಗಳನ್ನು ಹಬೆಯಲ್ಲಿ ಬೇಯಿಸುವರೋ ಅದೇ ಎಲೆಯಲ್ಲಿ ಪಕ್ಕದ ಮನೆಯವರು ಸಣ್ಣ ಮೀನಿಗೆ ಮಸಾಲೆ ಹಚ್ಚಿ ಕಾವಲಿಯ ಮೇಲೆ ಸುಡುವರು. ಒಳಗಿರುವ ಪದಾರ್ಥವು ಮತಕ್ಕೂ ಆಚಾರಕ್ಕೂ ತಕ್ಕಂತೆ ಬೇರೆಯಾಯಿತು. ಕೈಯ ಕುಶಲತೆ ಒಂದೇ ಆಗಿ ಉಳಿಯಿತು. ಎಲೆಯನ್ನು ಬಾಡಿಸುವುದು, ಮಡಿಸುವುದು, ಬೆಂದಿತೆಂದು ಬಣ್ಣದಿಂದ ತಿಳಿಯುವುದು, ಇವುಗಳನ್ನು ಒಬ್ಬರಿಂದೊಬ್ಬರು ಕಲಿತವರು ಗಡಿಯ ಎರಡೂ ಕಡೆಯ ಹೆಂಗಸರೇ.

ಭಾಷೆಯು ಇದಕ್ಕೆ ಸಾಕ್ಷಿ ನುಡಿಯುತ್ತದೆ. ಈ ಅಡುಗೆಗೆ ಬೇಕಾದ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡಬಹುದು. ಕನ್ನಡದ ಎಲೆ ಮಲೆಯಾಳದಲ್ಲಿ ಇಲ, ಬಾಳೆ ಅಲ್ಲಿ ವಾಳ, ಬಯಲು ವಯಲ್, ಬೇಯು ಎಂಬುದು ವೇವು, ಸುಡು ಎಂಬುದು ಚುಡು, ಹುಳಿ ಪುಳಿ, ಹಳಗನ್ನಡದಲ್ಲಿಯೂ ಪುಳಿಯೇ. ಉಪ್ಪು ಎರಡರಲ್ಲಿಯೂ ಉಪ್ಪು. ಮೀನು ಎರಡರಲ್ಲಿಯೂ ಮೀನು. ನಮ್ಮ ಬಕಾರಕ್ಕೆ ಅವರ ವಕಾರ, ನಮ್ಮ ಸಕಾರಕ್ಕೆ ಅವರ ಚಕಾರ ಎಂಬ ನಿಯಮವನ್ನು ವಿದ್ಯಾರ್ಥಿಗಳು ವ್ಯಾಕರಣದ ಪುಸ್ತಕಕ್ಕಿಂತ ಮೊದಲು ಅಡುಗೆಯ ಮನೆಯಲ್ಲಿಯೇ ಕಲಿಯಬಹುದು. ಈ ಎಂಟು ಮಾತುಗಳೂ ಎರಡು ಭಾಷೆಗಳು ಬೇರೆಯಾಗುವುದಕ್ಕೆ ಮುಂಚಿನ ಒಂದೇ ಮನೆಯ ಆಸ್ತಿ. ಬೆಂಕಿ, ಎಲೆ, ಮೀನು, ಉಪ್ಪು, ಹುಳಿ ಇಷ್ಟೇ ಸಾಕಾಗುವ ಅಡುಗೆಯೊಂದು ಅಂದೂ ಸಾಧ್ಯವಾಗಿತ್ತೆಂದು ಹೇಳಲು ಇದಕ್ಕಿಂತ ದೊಡ್ಡ ಶಾಸನ ಬೇಡ.

ಇದರ ಜೊತೆಗೆ ನಾವು ಒಂದು ಮಾತನ್ನು ಸಂಕೋಚವಿಲ್ಲದೆ ಆಡಬೇಕಾಗಿದೆ. ಗಡಿನಾಡಿನ ಕನ್ನಡದ ಲೆಕ್ಕವನ್ನು ಹಾಕುವಾಗ ನಾವು ಬಸದಿಗಳನ್ನು ಎಣಿಸುತ್ತೇವೆ, ಶಾಸನಗಳನ್ನು ಎಣಿಸುತ್ತೇವೆ, ಶಾಲೆಗಳನ್ನು ಎಣಿಸುತ್ತೇವೆ. ನೂಲ್ಪುಳದ ಕಾಡಂಚಿನ ಕಾಟುನಾಯಕರ ಗುಡಿಸಲುಗಳನ್ನು ಎಣಿಸುವುದಿಲ್ಲ. ಅವರು ಕರ್ನಾಟಕದ ಜೇನುಕುರುಬರಿಗೆ ಹತ್ತಿರದವರು. ಅವರು ಮನೆಯಲ್ಲಿ ಆಡುವ ನುಡಿಯು ಕನ್ನಡಕ್ಕೆ ಅತಿ ಸಮೀಪದ ದ್ರಾವಿಡ ನುಡಿಯೆಂದು ಭಾಷಾಶಾಸ್ತ್ರಜ್ಞರು ಹೇಳಿದ್ದಾರೆ. ಬೆಟ್ಟಕುರುಬರ ನುಡಿಯೂ ಇದೇ ಕುಟುಂಬದ್ದು. ಕಾಡಿನ ಎಲೆಗಳಲ್ಲಿ ಯಾವುದು ಕಹಿ, ಯಾವುದು ನಂಜು, ಯಾವುದು ಮೀನಿಗೆ ಒಗ್ಗುವುದು ಎಂಬ ವಿವೇಕವು ಅವರ ನಾಲಗೆಯ ಮೇಲಿನ ಹೆಸರುಗಳಲ್ಲಿದೆ. ಅವರ ಮಕ್ಕಳು ಶಾಲೆಯಲ್ಲಿ ಓದುವುದು ಮಲೆಯಾಳವನ್ನು. ಕನ್ನಡ ಶಾಲೆಯು ಅವರನ್ನು ಕರೆಯಲಿಲ್ಲ. ಹೆಸರು ತಪ್ಪಿದರೆ ಎಲೆಯೂ ತಪ್ಪುತ್ತದೆ. ಕಾಡಿನಲ್ಲಿ ಎಲೆಯಿದ್ದರೂ ಅದನ್ನು ಕೀಳಬಲ್ಲ ಕೈ ಇಲ್ಲವಾಗುತ್ತದೆ.

ಗ್ರಂಥಗಳಲ್ಲಿ ಈ ಕ್ರಮಕ್ಕೆ ಆಧಾರವಿಲ್ಲವೆ ಎಂದು ಪಂಡಿತರು ಕೇಳಬಹುದು. ಉಂಟು, ಆದರೆ ಅಡುಗೆಯ ಪುಸ್ತಕಕ್ಕಿಂತ ವೈದ್ಯಗ್ರಂಥದಲ್ಲಿ ಅದು ಸ್ಪಷ್ಟವಾಗಿದೆ. ಆಯುರ್ವೇದದಲ್ಲಿ ‘ಪುಟಪಾಕ’ವೆಂಬ ವಿಧಾನವಿದೆ. ಹಸಿಯ ಮೂಲಿಕೆಯನ್ನು ಅರೆದು ಉಂಡೆ ಮಾಡಿ, ಆಲ, ನೇರಳೆ ಮುಂತಾದವುಗಳ ಎಲೆಯಲ್ಲಿ ಸುತ್ತಿ ಕಟ್ಟಿ, ಮೇಲೆ ಒಂದೆರಡು ಅಂಗುಲ ದಪ್ಪ ಮಣ್ಣು ಮೆತ್ತಿ, ಮಣ್ಣು ಕೆಂಪಗಾಗುವ ತನಕ ಬೆಂಕಿಯಲ್ಲಿಟ್ಟು, ಒಡೆದು ರಸವನ್ನು ಹಿಂಡುವ ಈ ಕ್ರಮವನ್ನು ಶಾರ್ಙ್ಗಧರ ಸಂಹಿತೆಯು ವಿವರಿಸುತ್ತದೆ. ಎಂಟನೆಯ ಶತಮಾನದ ಭವಭೂತಿಯು ‘ಉತ್ತರರಾಮಚರಿತ’ದಲ್ಲಿ, ಹೊರಗೆ ತೋರದೆ ಒಳಗೇ ಬೇಯುವ ರಾಮನ ಶೋಕಕ್ಕೆ ಈ ಪುಟಪಾಕವನ್ನೇ ಉಪಮಾನವಾಗಿ ತಂದನು. ಮಹಾಕವಿಯ ಪ್ರೇಕ್ಷಕರಿಗೆ ಅದು ಕೂಡಲೆ ತಿಳಿಯುವಷ್ಟು ಪರಿಚಿತವಾಗಿದ್ದಿರಬೇಕಷ್ಟೆ. ಕಾಡಿನವನ ಕೆಂಡದ ಪೊಟ್ಟಣವೂ ವೈದ್ಯನ ಪುಟಪಾಕವೂ ಒಂದೇ ಯುಕ್ತಿಯ ಎರಡು ರೂಪಗಳು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನಿಗೆ ಸಾಕಷ್ಟು ಎಡೆಯುಂಟು. ಮತ್ಸ್ಯವಿನೋದದ ಭಾಗದಲ್ಲಿ ಕಡಲಿನ ಮತ್ತು ಹೊಳೆಯ ಮೀನುಗಳ ಹೆಸರುಗಳನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ಗಾಳದ ಕ್ರಮವನ್ನೂ ಹೇಳಿದೆ; ಅನ್ನಭೋಗದ ಭಾಗದಲ್ಲಿ ಮೀನನ್ನು ತುಂಡರಿಸಿ, ವಾಸನೆ ಕಳೆಯುವಂತೆ ತೊಳೆದು, ಹುಳಿ ಮತ್ತು ಸಂಬಾರಗಳೊಡನೆ ಪಾಕ ಮಾಡುವುದನ್ನು ಹೇಳಿದೆ. ಅದು ಅರಮನೆಯ ಅಡುಗೆ. ಅಲ್ಲಿ ಪಾತ್ರೆಗಳೂ ಪರಿಚಾರಕರೂ ಹೇರಳ. ಕಪಿಲೆಯ ದಡದ ಬೆಸ್ತನೂ ನೂಲ್ಪುಳದ ಪಣಿಯತಿಯೂ ಮೀನಿನ ವಾಸನೆಯನ್ನು ಕಳೆಯಲು ಬಳಸಿದುದು ಅದೇ ಉಪ್ಪನ್ನು, ಅದೇ ಹುಳಿಯನ್ನು. ಪಾತ್ರೆಯ ಬದಲು ಎಲೆಯಿತ್ತೆಂಬುದೊಂದೇ ಅಂತರ.

ನಮ್ಮ ದೇಶದ ಮೇರೆಯನ್ನು ದಾಟಿ ನೋಡಿದರೂ ಈ ಯುಕ್ತಿಯು ಎದುರಾಗುತ್ತದೆ. ಸಿಸಿಲಿ ದ್ವೀಪದ ಗೆಲಾ ಪಟ್ಟಣದ ಗ್ರೀಕ್ ಕವಿ ಆರ್ಕೆಸ್ಟ್ರಾಟಸನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಕಡಲಮೀನೊಂದನ್ನು ಅಂಜೂರದ ಎಲೆಯಲ್ಲಿ ಸುತ್ತಿ, ಒಂದಿಷ್ಟು ಸುಗಂಧದ ಸೊಪ್ಪನ್ನು ಮಾತ್ರ ಸೇರಿಸಿ, ಜೊಂಡಿನ ನಾರಿನಿಂದ ಕಟ್ಟಿ ಬಿಸಿಬೂದಿಯಲ್ಲಿ ಹುದುಗಿಸುವುದನ್ನು ಪದ್ಯದಲ್ಲಿ ಹೇಳಿದನು. ಬಂಗಾಳದವರು ಸಾಸಿವೆ ಅರೆದು ಹಚ್ಚಿದ ಮೀನನ್ನು ಬಾಳೆಯ ಎಲೆಯಲ್ಲಿ ಸುತ್ತಿ ‘ಪಾತೂರಿ’ ಮಾಡುತ್ತಾರೆ. ಸೋರೆಯ ಎಲೆಯಲ್ಲಿ ಸುತ್ತಿದರೆ ಎಲೆಯನ್ನೂ ತಿನ್ನುತ್ತಾರೆ. ಪಾರಸಿಗಳು ಹಸಿರು ಚಟ್ನಿ ಮೆತ್ತಿದ ಮಾಂಜಿಮೀನನ್ನು ಬಾಳೆಯೆಲೆಯಲ್ಲಿ ಹಬೆಗಿಡುವ ‘ಪತ್ರಾ ನಿ ಮಚ್ಛಿ’ ಅವರ ಮದುವೆಯೂಟದ ಅಲಂಕಾರ. ಜಾವಾದ್ವೀಪದಲ್ಲಿ ‘ಪೆಪೆಸ್’ ಇದೆ. ಹವಾಯಿಯವರು ಕೆಸುವಿನ ಎಲೆಯಲ್ಲಿಯೇ ಮಾಂಸವನ್ನೂ ಮೀನನ್ನೂ ಸುತ್ತಿ, ಮೇಲೆ ಇನ್ನೊಂದು ಎಲೆಯ ಹೊದಿಕೆ ಕೊಟ್ಟು, ನ��ಲದ ಗುಂಡಿಯಲ್ಲಿ ಕಾದ ಕಲ್ಲುಗಳ ನಡುವೆ ಬೇಯಿಸಿದರು. ಇವರೆಲ್ಲರೂ ಒಬ್ಬರಿಂದೊಬ್ಬರು ಕಲಿತರೆಂದು ಹೇಳಬೇಕಾಗಿಲ್ಲ. ಬೆಂಕಿ, ಮೀನು, ಅಗಲವಾದ ಎಲೆ ಮೂರೂ ಒಂದೆಡೆ ಕೂಡಿದಲ್ಲಿ ಮನುಷ್ಯನ ಬುದ್ಧಿ ಒಂದೇ ದಾರಿಯಲ್ಲಿ ನಡೆಯಿತು.

ಹಾಗಾದರೆ ನಮ್ಮ ಬಯಲ್ನಾಡಿನ ಎಲೆಮೀನಿಗೆ ಆದುದೇನು? ಇದರ ಅವನತಿಯ ಕಥೆಗೆ ತಾರೀಖುಗಳುಂಟು. 1882ರ ಮದರಾಸು ಅರಣ್ಯ ಶಾಸನವು ಕಾಡನ್ನು ಸರಕಾರದ ಕಾದಿಟ್ಟ ಸ್ವತ್ತನ್ನಾಗಿ ಮಾಡಿತು. ಅಂತಹ ಕಾಡಿನೊಳಗೆ ಮೀನು ಹಿಡಿಯುವುದಕ್ಕೂ ಅಂಕುಶ ಬಿತ್ತು. 1897ರ ಭಾರತೀಯ ಮೀನುಗಾರಿಕೆಯ ಶಾಸನವು ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಹಾರಿಸುವುದನ್ನೂ ಅಪರಾಧವೆಂದಿತು. ಸಿಡಿಮದ್ದನ್ನು ತಡೆದುದು ಒಳಿತೇ ಆಯಿತು. ಆದರೆ ಕಾರೆಯ ಕಾಯನ್ನು ಜಜ್ಜಿ ಒಂದು ಮಡುವಿಗೆ ಕಲಸಿ, ಮತ್ತೇರಿದ ಮೀನುಗಳಲ್ಲಿ ಊಟಕ್ಕೆ ಬೇಕಾದಷ್ಟನ್ನು ಹಿಡಿಯುತ್ತಿದ್ದ ಕಾಡಿನವನೂ ಸಿಡಿಮದ್ದಿನ ವ್ಯಾಪಾರಿಯೂ ಕಾನೂನಿನ ಕಣ್ಣಿಗೆ ಒಂದೇ ಆದರು. 1950ರ ದಶಕದಲ್ಲಿ ನುಗು ಹೊಳೆಗೂ 1974ರಲ್ಲಿ ಕಬಿನಿಗೂ ಅಣೆಕಟ್ಟುಗಳಾದವು. ಕರ್ನಾಟಕದ ಸಹಸ್ರಾರು ಎಕರೆಗಳಿಗೆ ನೀರು ಬಂದಿತು. ಕೆಳಹೊಳೆಯಿಂದ ಏರಿಬರುವ ಮೀನಿಗೆ ಮಾತ್ರ ಗೋಡೆ ಅಡ್ಡವಾಯಿತು. 1973ರಲ್ಲಿ ವಯನಾಡು ವನ್ಯಜೀವಿಧಾಮವು ಸ್ಥಾಪಿತವಾಗಿ, ಮುತ್ತಂಗದ ಕಾಡೂ ಅದರೊಳಗೆ ಸೇರಿತು.

ಇವೆಲ್ಲಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದುದು ಗದ್ದೆಗೆ. ಬತ್ತದ ಬೇಸಾಯದಲ್ಲಿ ಗಿಟ್ಟುವುದಿಲ್ಲವೆಂದು ಕಳೆದ ಶತಮಾನದ ಕೊನೆಯ ದಶಕಗಳಿಂದ ಬಯಲುಗಳಲ್ಲಿ ಕಾಲುವೆ ತೋಡಿ ನೀರು ಬಸಿದು ನೇಂದ್ರಬಾಳೆಯನ್ನು ನೆಟ್ಟರು, ಶುಂಠಿಯನ್ನು ನೆಟ್ಟರು. ಹುಳುವಿಗೆಂದು ಹಾಕಿದ ಔಷಧವು ಕಾಲುವೆಗೆ ಇಳಿಯಿತು. ಇಲ್ಲಿಯ ವಿಪರ್ಯಾಸವನ್ನು ವಾಚಕರು ಗಮನಿಸಬೇಕು: ಮೀನನ್ನು ಸುತ್ತುವ ಬಾಳೆಯ ಎಲೆ ಹಿಂದೆಂದೂ ಇಲ್ಲದಷ್ಟು ಹೆಚ್ಚಿತು; ಅದರೊಳಗೆ ಇಡಬೇಕಾದ ಗದ್ದೆಯ ಮೀನು ಅದೇ ಬಾಳೆಯ ಬುಡದಲ್ಲಿ ಅಳಿಯಿತು. ಗದ್ದೆಗಳನ್ನು ಉಳಿಸಬೇಕೆಂದು ಕೇರಳ ಸರಕಾರವು 2008ರಲ್ಲಿ ಒಂದು ಶಾಸನವನ್ನೇ ತಂದಿದೆ. 2010ರ ಒಳನಾಡು ಮೀನುಗಾರಿಕೆಯ ಶಾಸನದ ಮೇಲೆ, ಮೊಟ್ಟೆಯಿಡಲು ಏರಿಬರುವ ಮೀನನ್ನು ಅಡ್ಡಗಟ್ಟಿ ಹಿಡಿಯುವುದಕ್ಕೂ ಈಗ ತಡೆಯುಂಟು.

ಇತ್ತ ಎಲೆಯಲ್ಲಿ ಬೇಯಿಸಿದ ಮೀನಿಗೆ ಪೇಟೆಯಲ್ಲಿ ಹೊಸ ಗೌರವ ಬಂದಿದೆ. ಹೆದ್ದಾರಿಯ ಹೋಟೆಲುಗಳಲ್ಲಿ ‘ಕರಿಮೀನ್ ಪೊಳ್ಳಿಚ್ಚದು’ ಎಂಬ ಹೆಸರಿನಿಂದ ಅದನ್ನು ತಟ್ಟೆಯ ಮೇಲಿಟ್ಟು ತರುತ್ತಾರೆ. ಕರಿಮೀನು ಕರಾವಳಿಯ ಹಿನ್ನೀರಿನ ಮೀನು. ಕೇರಳವು 2010ರಲ್ಲಿ ಅದನ್ನು ರಾಜ್ಯದ ಮೀನೆಂದು ಸಾರಿತು. ಈರುಳ್ಳಿ, ಟೊಮೇಟೊ, ತೆಂಗಿನೆಣ್ಣೆಗಳ ಮಸಾಲೆಯೊಡನೆ ಅದನ್ನು ಬಾಳೆಯೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸುವುದು ರುಚಿಕರವಾದ ಅಡುಗೆಯೇ ಹೌದು; ಅದರ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಆದರೆ ತಾಮರಶ್ಶೇರಿಯ ಘಟ್ಟವನ್ನು ಹತ್ತಿ ಬಂದ ಆ ಮೀನನ್ನೇ ವಯನಾಡಿನ ಪುರಾತನ ಅಡುಗೆಯೆಂದು ನಮ್ಮ ಮಕ್ಕಳು ತಿಳಿದರೆ, ಈ ಗದ್ದೆಯ ಬದುವಿನಲ್ಲಿ ಕೊರವವನ್ನೂ ಗೆಂಡೆಯನ್ನೂ ಸುಟ್ಟುಂಡವರ ಕಥೆ ಎರಡನೆಯ ಬಾರಿ ಅಳಿಸಿಹೋದಂತೆ. ಮೊದಲು ಅವರ ಮೀನು ಹೋಯಿತು. ಈಗ ಅವರ ಹೆಸರೂ ಹೋಗುತ್ತದೆ.

ಕಲ್ಲೂರಿನ ನೆರೆಯ ಮುತ್ತಂಗದಲ್ಲಿ 2003ರಲ್ಲಿ ಆದಿವಾಸಿಗಳು ಭೂಮಿಗಾಗಿ ಹೋರಾಡಿದರು. ಪೊಲೀಸರ ಗುಂಡು ಹಾರಿತು, ಎರಡೂ ಕಡೆ ಪ್ರಾಣಹಾನಿಯಾಯಿತು. ತರುವಾಯ 2006ರಲ್ಲಿ ಕೇಂದ್ರ ಸರಕಾರವು ತಂದ ಅರಣ್ಯ ಹಕ್ಕುಗಳ ಶಾಸನವು, ಕಾಡಿನಲ್ಲಿ ವಾಸಿಸುವ ಸಮುದಾಯಗಳಿಗೆ ಜಲಾಶಯಗಳ ಮೀನು ಮತ್ತಿತರ ಉತ್ಪನ್ನಗಳ ಮೇಲಿರುವ ಹಕ್ಕನ್ನು ಹೆಸರಿಟ್ಟು ಒಪ್ಪಿಕೊಂಡಿತು. 1882ರಲ್ಲಿ ಮುಚ್ಚಿದ ಬಾಗಿಲು ಕಾಗದದ ಮೇಲಾದರೂ 124 ವರ್ಷಗಳ ಮೇಲೆ ತೆರೆಯಿತು. ತೊರೆಯ ಒಂದು ಹಿಡಿ ಮೀನು ಅಲ್ಪವಸ್ತುವೆಂದು ಭಾವಿಸುವವರು ಈ ಎರಡು ಶಾಸನಗಳ ನಡುವಣ ದೂರವನ್ನು ನೆನೆಯಲಿ. ಒಬ್ಬರ ಊಟದ ಎಲೆಯಲ್ಲಿ ಏನಿರಬೇಕೆಂಬ ಪ್ರಶ್ನೆಯು ನೀರು ಯಾರದು, ಕಾಡು ಯಾರದು ಎಂಬ ಪ್ರಶ್ನೆಯಿಂದ ಬೇರೆಯಲ್ಲ.

ಇನ್ನು ನಮ್ಮ ಕರ್ತವ್ಯದ ಮಾತು. ವಾರ್ಷಿಕೋತ್ಸವದ ದಿನ ಭುವನೇಶ್ವರಿಯ ಪಟಕ್ಕೆ ಹೂವೇರಿಸಿ ನಾಡಗೀತೆಯನ್ನು ಹಾಡುವುದು ಉಚಿತವೇ. ಅದರೊಡನೆ ಪ್ರತಿಯೊಂದು ಮನೆಯವರೂ ಒಂದು ಸಣ್ಣ ಕೆಲಸವನ್ನು ಮಾಡಬಹುದು. ಮನೆಯ ಹಿರಿಯರು ಅಡುಗೆಗೆ ಬಳಸುತ್ತಿದ್ದ ಎಲೆಗಳು ಯಾವುವು, ಯಾವ ಕಾಲದಲ್ಲಿ, ಯಾವುದಕ್ಕಾಗಿ, ಯಾವ ಹೆಸರಿನಿಂದ ಎಂಬುದನ್ನು ಮಕ್ಕಳ ಕೈಯಿಂದ ಕನ್ನಡದಲ್ಲಿ ಬರೆಸಬೇಕು. ನೆರೆಯ ಕಾಟುನಾಯಕ, ಪಣಿಯ, ಕುರುಮ ಬಂಧುಗಳು ಅದೇ ಎಲೆಗೆ ಏನೆನ್ನುತ್ತಾರೆಂಬುದನ್ನು ಅವರನ್ನೇ ವಿನಯದಿಂದ ಕೇಳಿ, ಅವರ ಮಾತಿನಲ್ಲಿಯೇ ಪಕ್ಕದಲ್ಲಿ ಬರೆಯಬೇಕು. ಗದ್ದೆಯುಳ್ಳವರು ಮುಂಗಾರಿನ ಮೊದಲ ಮಳೆಗೆ ಹತ್ತಿಬರುವ ತತ್ತಿಮೀನಿಗೆ ದಾರಿ ಬಿಡಬೇಕು. ಕಾಲುವೆಗೆ ವಿಷವಿಳಿಯದಂತೆ ನೋಡಿಕೊಳ್ಳಬೇಕು. ಇಷ್ಟಕ್ಕೆ ಹಣ ಬೇಡ, ಸರಕಾರದ ಅಪ್ಪಣೆಯೂ ಬೇಡ.

ಎಲೆಯು ಸುಟ್ಟುಹೋಗಿ ಒಳಗಿನದನ್ನು ಕಾಯುತ್ತದೆ. ಗಡಿನಾಡಿನಲ್ಲಿ ಭಾಷೆಯ ಕೆಲಸವೂ ಬಹುಮಟ್ಟಿಗೆ ಅದೇ: ಹೊರಗಿನ ಕಾವನ್ನು ತಾನು ತಾಳಿಕೊಂಡು ಮನೆಯೊಳಗಿನ ಬಾಳನ್ನು ಹದವಾಗಿ ಉಳಿಸುವುದು. ಆ ಎಲೆಯನ್ನು ಗುರುತಿಸಬಲ್ಲ ಕಣ್ಣೂ ಹೆಸರಿಸಬಲ್ಲ ನಾಲಗೆಯೂ ನಮ್ಮ ಮುಂದಿನ ತಲೆಮಾರಿಗೆ ಉಳಿಯಲೆಂದು ಹಾರೈಸಿ, ಈ ಬರಹವನ್ನು ಕಲ್ಲೂರಿನ ಮನೆಮನೆಯ ತಾಯಂದಿರಿಗೆ ಅರ್ಪಿಸುತ್ತೇವೆ.